ಸೊಂಟಕ್ಕೆ ಕಟ್ಟಿದ ಪೆಟ್ಟಿಗೆ

ತೊಂಬತ್ತರ ದಶಕದಲ್ಲಿ ನನಗೆ ಇದ್ದಕ್ಕಿದ್ದಂತೆ ಕಣ್ಣು ಕತ್ತಲೆ ಬಂದು ಬೀಳುವ ರೋಗ ಅಂಟಿಕೊಂಡಿತು. ಮೊದಲ ಸಲ ಬಿದ್ದದ್ದು ಶಿಕಾರಿಪುರದ ನಮ್ಮ ಹಿತ್ತಲ ಬಾವಿಕಟ್ಟೆಯ ಹತ್ತಿರ, ನೀರು ಸೇದುವಾಗ. ಒಂದು ಗೇಣು ಆಚೆ ವಾಲಿದ್ದರೆ ಬಾವಿಯ ತಳದಲ್ಲಿರುತ್ತಿದ್ದೆ. ಆಮೇಲೂ ಬಿದ್ದೆ. ವೈದ್ಯರು ನೋಡುವ ಹೊತ್ತಿಗೆ ಮಾತ್ರ ಎದೆ ನೆಟ್ಟಗೆ ಬಡಿಯುತ್ತಿತ್ತು. "ಮನಸ್ಸಿಗೆ ಹಚ್ಕೊಂಡಿದೀರಿ, ಅಷ್ಟೇ" ಎಂದರು ಒಬ್ಬರು. ಮೈಯೆಲ್ಲ ಉರಿದುಹೋಯಿತು. ಬಿದ್ದವಳು ನಾನೋ, ಅವರೋ?

ಕೊನೆಗೆ ಶಿವಮೊಗ್ಗದ ವೈದ್ಯರೊಬ್ಬರು ನನ್ನ ಎದೆಗೆ ವೈರುಗಳನ್ನು ಅಂಟಿಸಿ, ಸೊಂಟಕ್ಕೊಂದು ಪೆಟ್ಟಿಗೆ ಕಟ್ಟಿದರು. ಒಳಗೆ ಕ್ಯಾಸೆಟ್ಟು. ನಾಳೆ ಸಂಜೆಯವರೆಗಿನ ಎದೆಬಡಿತವೆಲ್ಲ ಅದರಲ್ಲಿ ದಾಖಲಾಗುತ್ತದಂತೆ. "ದಿನಾ ಮಾಡೋ ಕೆಲಸ ಎಲ್ಲ ಮಾಡಿ. ತಲೆ ಸುತ್ತಿದರೆ ಈ ಗುಂಡಿ ಒತ್ತಿ. ಸ್ನಾನ ಮಾತ್ರ ಬೇಡ" ಎಂದರು.

ಊರಿಗೆ ಬಂದರೆ ಅತ್ತೆ ನನ್ನನ್ನು ಚಾಪೆಯಿಂದ ಏಳಲು ಬಿಡಲೇ ಇಲ್ಲ. ಬೆಳಿಗ್ಗೆ ಇನ್ನೊಂದು ದಿಗಿಲು. ನಮ್ಮ ಮನೆಯಲ್ಲಿ ಸ್ನಾನ ಮಾಡದೆ ಲಿಂಗಪೂಜೆ ಇಲ್ಲ, ಪೂಜೆ ಮಾಡದೆ ತುತ್ತು ಮುಟ್ಟುವಂತಿಲ್ಲ. ಅತ್ತೆ ವೈರುಗಳನ್ನು ತಪ್ಪಿಸಿ ತಪ್ಪಿಸಿ ನನ್ನ ಮೈಗೆ ವಿಭೂತಿ ಹಚ್ಚಿದರು. "ಇದೇ ಸ್ನಾನ ಅಂತ ತಿಳ್ಕ. ಲಿಂಗ ಕಟ್ಟಿದ ಮೈಗೆ ಎಂಥ ಮೈಲಿಗೆ? ಪೂಜೆ ಮಾಡಿ ಉಣ್ಣು, ಮತ್ತೆ ಮಲಕ್ಕ."

ನನಗೆ ಅಳು ಒತ್ತರಿಸಿ ಬಂತು. "ಮಲಗಿದ್ರೆ ಏನೂ ಆಗಲ್ಲ ಅತ್ತೆ! ಇವತ್ತು ಬೀಳದಿದ್ರೆ ಈ ಪೆಟ್ಟಿಗೇಲಿ ಏನೂ ಸಿಗಲ್ಲ. ಮನಸ್ಸಿನ ರೋಗ ಅಂತಾರೆ. ಆಮೇಲೆ ಒಂದಿನ ಬಾವೀಲೇ ಹೋಗ್ತೀನಿ."

ಬೀಳುತ್ತೇನೆಂಬ ಹೆದರಿಕೆ ಒಂದು ಕಡೆ, ಬೀಳದೆಯೇ ಪೆಟ್ಟಿಗೆ ವಾಪಸು ಹೋಗುತ್ತದೆಂಬ ಹೆದರಿಕೆ ಇನ್ನೊಂದು ಕಡೆ. ಅತ್ತೆ ನನ್ನ ಚಾಪೆ ಸುತ್ತಿ ಮೂಲೆಗಿಟ್ಟರು. ಆಮೇಲೆ ಕೈ ಹಿಡಿದು ಬಾವಿಗೆ ಕರೆದುಕೊಂಡು ಹೋದರು. ತಮ್ಮ ಹಳೇ ಸೀರೆಯೊಂದನ್ನು ನನ್ನ ನಡುವಿಗೆ ಬಿಗಿದು, ತುದಿಯನ್ನು ತಮ್ಮ ನಡುವಿಗೆ ಸುತ್ತಿಕೊಂಡು, ಹಿಂದಿನಿಂದ ತಬ್ಬಿ ನಿಂತರು.

"ಸೇದು."

ಕೈ ನಡುಗಿ ಹಗ್ಗ ಜಾರಿತು.

"ಸೊರಬದ ಹೆಣ್ಣು ಗಟ್ಟಿ ಅಂತ ತಂದ್ಕಂಡ್ವಿ. ನೀ ನೋಡಿದ್ರೆ ಹಿಂಗೆ ನಡುಗ್ತೀಯಲ್ಲೇ!" ಎಂದರು ಅತ್ತೆ. ಅವರ ಗದ್ದ ನನ್ನ ಭುಜದ ಮೇಲೆ ಗಡಗಡ ಎನ್ನುತ್ತಿತ್ತು.

ಒಂದು ಕೊಡ ಬಂತು. ಇನ್ನೊಂದೂ ಬಂತು. ಶಿವನೇ, ಬೀಳಿಸಪ್ಪಾ ಎಂದು ಬೇಡಿಕೊಂಡೆ. ಮರುಕ್ಷಣ, ಅಯ್ಯೋ ಬೇಡ ಎಂದೆ. ಅಷ್ಟರಲ್ಲಿ ರಾಟೆಯ ಸದ್ದು ದೂರವಾಯಿತು. ಪೆಟ್ಟಿಗೆಯ ಗುಂಡಿಗೆ ಕೈ ಹಾಕಿದೆ, ಸಿಗಲಿಲ್ಲ.

ಕಣ್ಣು ಬಿಟ್ಟಾಗ ನೆಲದ ಮೇಲೆ ಅತ್ತೆಯ ತೊಡೆಯಲ್ಲಿದ್ದೆ. ಅವರು ಎರಡೂ ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿ ಹಿಡಿದಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಬಿಡ್ರೀ ಅತ್ತೆ, ಒಂದ್ಸಲ ಒತ್ತಿದ್ರೆ ಸಾಕು."

"ಸುಮ್ನಿರೇ! ಬಿಟ್ಟಮ್ಯಾಲೆ ನಿನ್ನ ಎದಿ ಮತ್ತೆ ನಿಂತ್ರೆ?"

ಆ ಗುಂಡಿ ಬರೀ ಗುರುತು ಹಾಕುವುದಕ್ಕೆ, ಬಿದ್ದ ಹೊತ್ತು ಯಾವುದೆಂದು ವೈದ್ಯರಿಗೆ ತಿಳಿಯಲೆಂದು ಇಟ್ಟದ್ದು. ಅತ್ತೆ ಅದರಿಂದಲೇ ಎದೆ ನಡೆಯುತ್ತದೆಂದು ನಂಬಿದ್ದರು. ನಾನು ಎದ್ದು ಕೂತರೂ ಬೆರಳು ತೆಗೆಯಲಿಲ್ಲ.

ಶಿವಮೊಗ್ಗಕ್ಕೆ ಅತ್ತೆಯೂ ಹಟ ಹಿಡಿದು ಬಂದರು. ವೈದ್ಯರು ಉದ್ದನೆಯ ಕಾಗದ ಬಿಡಿಸಿದರು. ಏರಿಳಿಯುತ್ತಿದ್ದ ಗೆರೆ ಒಂದು ಕಡೆ ಚಪ್ಪಟೆಯಾಗಿ ಓಡಿತ್ತು. ಅಷ್ಟು ಹೊತ್ತು ನನ್ನ ಎದೆ ನಿಂತಿತ್ತಂತೆ. ಇನ್ನು ತಡಮಾಡದೆ ಎದೆಯೊಳಗೆ ಪೇಸ್‌ಮೇಕರ್ ಕೂರಿಸಬೇಕು ಎಂದರು.

ಅತ್ತೆ ಬಗ್ಗಿ, ಗೆರೆ ಮತ್ತೆ ಮೇಲೆದ್ದ ಜಾಗದಲ್ಲಿ ಬೆರಳಿಟ್ಟರು. "ಇಲ್ಲೇ ಅಲ್ವೇನ್ರೀ ನಾ ಒತ್ತಿದ್ದು?"

ವೈದ್ಯರು ಏನೋ ಹೇಳಲು ಬಾಯಿ ತೆರೆದರು.

"ಹೌದ್ರೀ ಅತ್ತೆ, ಅಲ್ಲೇ" ಎಂದೆ ನಾನು.