ಎಂಟು ದಿನದ ವಾರ

ವಾರಕ್ಕೆ ಎಷ್ಟು ದಿನ ಅಂತ ಕೇಳಿದರೆ ಒಂದನೇ ಕ್ಲಾಸಿನ ಮಗು ಕೂಡ ಏಳು ಅನ್ನುತ್ತೆ. ತಕ್ಕಡಿಯನ್ನು ಕೇಳಿ ನೋಡಿ, "ಯಾರ ಮನೇಲಿ?" ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾಳೆ.

ತಕ್ಕಡಿ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ, ಮಾರ್ಕೆಟ್ಟಿನವರು ಇಟ್ಟದ್ದು. ಈರುಳ್ಳಿಯವನು ತೂಗುವಾಗ ಬೆರಳ ತುದಿಯಿಂದ ತಟ್ಟೆಯನ್ನು ಒಂಚೂರು ಒತ್ತಿದರೆ ಸಾಕು, ನಾಲ್ಕು ಅಂಗಡಿ ಆಚೆಯಿಂದಲೇ "ಬೆರಳಿಗೂ ಸೇರಿಸಿ ದುಡ್ಡು ಕೊಡ್ಬೇಕೇನಪ್ಪಾ?" ಅಂತ ಕೂಗುತ್ತಿದ್ದಳು. ಅವನು ಹಲ್ಲು ಕಿರಿದು ಒಂದು ಈರುಳ್ಳಿ ಹೆಚ್ಚಿಗೆ ಹಾಕುತ್ತಿದ್ದ. ಹೀಗೆ ಹೆಸರು ಅಂಟಿಕೊಂಡಿತು, ಕೊನೆಗೆ ಗಂಡನೂ ಹಾಗೇ ಕರೆಯಲು ಶುರು ಮಾಡಿದ.

ಮನೆ ಮೂರನೇ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರಾಡೋಕೆ ಅಪ್ಪಣೆ ಕೇಳಬೇಕು. ಉಣ್ಣೋರು ಆರು ಜನ: ತಕ್ಕಡಿ, ಬಸ್ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ, ಇಬ್ಬರು ಮಕ್ಕಳು, ಅತ್ತೆ, ಮತ್ತೆ ನರ್ಸಿಂಗ್ ಕೊನೇ ವರ್ಷದಲ್ಲಿದ್ದ ನಾದಿನಿ. ಮಕ್ಕಳದಂತೂ ಹೊಟ್ಟೆಯಲ್ಲ, ಹಾಳು ಬಾವಿ. ಎಷ್ಟು ಸುರಿದರೂ ತಳ ಮುಟ್ಟಿದ ಸದ್ದೇ ಬರುತ್ತಿರಲಿಲ್ಲ.

ಆ ವರ್ಷ ಶೆಡ್ಡಿನಲ್ಲಿ ಕೆಲಸ ವಾರಕ್ಕೆ ಆರು ದಿನದಿಂದ ನಾಲ್ಕು ದಿನಕ್ಕೆ ಇಳಿಯಿತು. ಶುಕ್ರವಾರ ಸಂಜೆ ಗಂಡ ತಂದು ಕೊಡುತ್ತಿದ್ದ ದಿನಸಿ ದುಡ್ಡೂ ಇಳಿಯಿತು. ಸರಿಯಾಗಿ ಅದೇ ಹೊತ್ತಿಗೆ ನಾದಿನಿ ಒಂದು ಚೀಟಿ ಹಿಡಿದು ಬಂದಳು. ಅಲ್ಲಿಂದ ಎಂಟನೇ ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಪರೀಕ್ಷೆ ಫೀಸು ಕಟ್ಟಬೇಕು, ಕಟ್ಟದಿದ್ದರೆ ಒಂದು ವರ್ಷ ಹೋಯಿತು. ಫೀಸು ಎಷ್ಟು ಅಂದ್ರೆ, ಮನೆಯ ಒಂದು ವಾರದ ದಿನಸಿ ದುಡ್ಡಿನಷ್ಟು. ಒಂದು ಕಾಸು ಹೆಚ್ಚಿಲ್ಲ, ಕಮ್ಮಿಯಿಲ್ಲ.

ಗಂಡ ಚೀಟಿಯನ್ನು ಎರಡು ಸಲ ಓದಿದ. "ಹೊಟ್ಟೆಗೆ ಹಾಕ್ಲೋ, ಪರೀಕ್ಷೆಗೆ ಹಾಕ್ಲೋ? ಬಟ್ಟೆ ಅಂಗಡೀಲಿ ಹುಡುಗಿ ಬೇಕಂತೆ. ಈ ವರ್ಷ ಅಲ್ಲಿಗೆ ಹೋಗ್ಲಿ, ಮುಂದಿನ ವರ್ಷ ನೋಡೋಣ" ಅಂದ. ಒಳ್ಳೆಯವನೇ, ಆದರೆ ದಾರಿ ಕಾಣದಿದ್ದಾಗ ಒಳ್ಳೆಯವರೂ ಹೀಗೇ ಮಾತಾಡುತ್ತಾರೆ.

'ಮುಂದಿನ ವರ್ಷ' ಅನ್ನೋ ಮಾತು ತಕ್ಕಡಿಗೆ ಚೆನ್ನಾಗಿ ಗೊತ್ತಿತ್ತು. ಏಳನೇ ಕ್ಲಾಸಿನಲ್ಲಿ ಅವಳ ಅಪ್ಪನೂ ಅದನ್ನೇ ಹೇಳಿದ್ದು, ಆ ಮುಂದಿನ ವರ್ಷ ಇವತ್ತಿಗೂ ಬಂದಿಲ್ಲ. ನಾದಿನಿಯನ್ನು ಮೆಟ್ಟಿಲ ಹತ್ತಿರ ಕರೆದು, "ನೀನು ಓದ್ಕೋ ಕಣೇ. ದುಡ್ಡು ನನಗೆ ಬಿಡು" ಅಂದಳು.

"ಎಲ್ಲಿಂದ ತರ್ತೀರಾ ಅತ್ತಿಗೆ?"

"ಅನ್ನದ ಪಾತ್ರೆಯಿಂದ."

ಲೆಕ್ಕ ಸುಲಭ. ಏಳು ದಿನಕ್ಕೆ ತಂದ ದಿನಸಿಯನ್ನು ಎಂಟು ದಿನ ನಡೆಸಬೇಕು. ವಾರಕ್ಕೆ ಒಂದು ದಿನದ ಊಟ ಉಳಿಯಿತಾ? ಏಳು ವಾರಕ್ಕೆ ಏಳು ದಿನ. ಅಂದ್ರೆ ಎಂಟನೇ ವಾರದ ಊಟ ಮೊದಲೇ ಮನೆಯಲ್ಲಿರುತ್ತೆ, ಆ ವಾರದ ದುಡ್ಡು ಪೂರ್ತಿ ಫೀಸಿಗೆ. ಹನಿ ಹನಿ ಕೂಡಿದರೆ ಹಳ್ಳ ಅಂತ ಎಲ್ಲರೂ ಹೇಳುತ್ತಾರೆ. ಹನಿ ಹಿಡಿಯೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಡಲ್ಲ.

ತಕ್ಕಡಿ ಆ ಹನಿ ಹಿಡಿದಳು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗೋದು ಬಿಟ್ಟಳು; ಶನಿವಾರ ಮಧ್ಯಾಹ್ನ, ಮಾರುವವರು ಗೋಣಿ ಮಡಿಸುವ ಹೊತ್ತಿಗೆ ಹೋದಳು. ಬಿರುಕು ಬಿಟ್ಟ ಮೊಟ್ಟೆ, ನಿನ್ನೆಯ ಬ್ರೆಡ್ಡು, ಒಂದು ಕಡೆ ಕಂದಿದ ಕೋಸು, ಮೂತಿ ಸೊಟ್ಟಗಿರುವ ಕ್ಯಾರೆಟ್ಟು. ಸೊಟ್ಟ ಕ್ಯಾರೆಟ್ಟು ಹೊಟ್ಟೆಗೆ ಹೋದಮೇಲೆ ನೆಟ್ಟಗಿತ್ತೋ ಸೊಟ್ಟಗಿತ್ತೋ ಯಾರು ಕಂಡೋರು? ಹೂಕೋಸು ಕೊಳ್ಳುವವರು ಕಿತ್ತು ಎಸೆದ ಎಲೆಗಳನ್ನು ಕೇಳಿ ತಂದು, ಬೆಳ್ಳುಳ್ಳಿ ಹಾಕಿ ಬಾಡಿಸಿದರೆ ಮಕ್ಕಳು ತಟ್ಟೆ ನೆಕ್ಕುತ್ತಿದ್ದರು. ಇನ್ನೊಂದು ಗುಟ್ಟು: ಎಲ್ಲರ ಮನೆಯಲ್ಲೂ ಸಂಬಳದ ಮರುದಿನ ಭರ್ಜರಿ ಊಟ, ವಾರದ ಕೊನೆಗೆ ತಿಳಿ ಗಂಜಿ. ತಕ್ಕಡಿ ಅದನ್ನು ತಲೆಕೆಳಗು ಮಾಡಿದಳು. ಶನಿವಾರ ಸಾದಾ ಗಂಜಿ, ಶುಕ್ರವಾರ ಕೋಳಿ. ದಿನ ಕಳೆದ ಹಾಗೆ ಊಟ ಏರುತ್ತಾ ಹೋಗುವ ಮನೆಯಲ್ಲಿ ಬಡತನ ಬಂದಿದೆ ಅಂತ ಯಾರಿಗೆ ಅನ್ನಿಸುತ್ತೆ ಹೇಳಿ?

ಹಾಂ, ತಾನು ಉಪವಾಸವಿದ್ದು ಮನೆಯವರಿಗೆ ಬಡಿಸಿದ ಮಹಾತಾಯಿ ಅಂತೆಲ್ಲ ಅಂದುಕೊಳ್ಳಬೇಡಿ. ಹಾಗೆ ಹೇಳಿದರೆ ಅವಳು ನನ್ನ ಕಿವಿ ಹಿಂಡುತ್ತಾಳೆ. ಅವಳೂ ಹೊಟ್ಟೆ ತುಂಬ ಉಣ್ಣುತ್ತಿದ್ದಳು. "ನನ್ನ ಹೊಟ್ಟೆ ಸುಟ್ಟು ಉಳಿಸೋಕೆ ಜಾಣತನ ಯಾಕೆ ಬೇಕು?" ಅನ್ನುತ್ತಿದ್ದಳು.

ಶನಿವಾರ ಮಾರ್ಕೆಟ್ಟಿನಿಂದ ಬಂದ ತಕ್ಷಣ ಮೊದಲ ಕೆಲಸ, ಒಂದು ಬಟ್ಟೆ ಚೀಲಕ್ಕೆ ಆರು ಜನರ ಒಂದು ದಿನದ ಅಕ್ಕಿ, ಬೇಳೆ, ಕಾಳು, ಆಲೂಗಡ್ಡೆ, ಈರುಳ್ಳಿ ತುಂಬಿ ಬಾಯಿ ಕಟ್ಟಿ ಬಚ್ಚಿಡೋದು. ಎಲ್ಲಿ ಅಂತೀರಾ? ಬಾಲ್ಕನಿಯಲ್ಲಿ ಕೆಟ್ಟು ನಿಂತಿದ್ದ ವಾಷಿಂಗ್ ಮೆಷಿನ್ನಿನಲ್ಲಿ. ಊರಿನ ಬಸ್ಸುಗಳನ್ನೆಲ್ಲ ರಿಪೇರಿ ಮಾಡುವ ಗಂಡ ಅದಕ್ಕೆ ಎರಡು ವರ್ಷದಿಂದ "ನಾಳೆ ನೋಡ್ತೀನಿ" ಅನ್ನುತ್ತಿದ್ದ. ಆ ನಾಳೆ ಬರಲ್ಲ ಅನ್ನೋ ಧೈರ್ಯ ಅವಳಿಗಿತ್ತು. ಯಾರಿಗೂ ಹೇಳಲಿಲ್ಲ. ಆ ಮನೆಯಲ್ಲಿ ಉಳಿದಿದೆ ಅಂತ ಗೊತ್ತಾದದ್ದು ಯಾವತ್ತೂ ಉಳಿದದ್ದಿಲ್ಲ.

ಐದು ವಾರಕ್ಕೆ ಐದು ಚೀಲ ಕೂತವು. ತಕ್ಕಡಿ ಬಟ್ಟೆ ಒಣಗಿಸುವಾಗ ಮೆಷಿನ್ನಿನ ಮುಚ್ಚಳವನ್ನು ಸುಮ್ಮನೆ ಒಮ್ಮೆ ತಟ್ಟಿ ಬರುತ್ತಿದ್ದಳು.

ಇನ್ನು ಅತ್ತೆಯ ವಿಷಯ. ಮೂವತ್ತು ವರ್ಷ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದ ಕೈ ಅದು, ದಿನಕ್ಕೆ ನಾನೂರು ತಟ್ಟೆ. ರಿಟೈರಾಗಿ ಮನೆಗೆ ಬಂದಮೇಲೂ ಆ ಕೈ ಚಿಕ್ಕದಾಗಲಿಲ್ಲ. ಆರು ಜನಕ್ಕೆ ಅಂತ ಶುರು ಮಾಡಿದರೆ ಅರವತ್ತು ಜನಕ್ಕೆ ಮುಗಿಯುತ್ತಿತ್ತು. ಅದಕ್ಕೇ ಮೂರು ವರ್ಷದ ಹಿಂದೆ ತಕ್ಕಡಿ "ನೀವು ದಣಿದಿದ್ದೀರಾ, ಕೂತ್ಕೊಳ್ಳಿ ಅತ್ತೆ" ಅಂತ ನಯವಾಗಿ ಸೌಟು ಕಿತ್ತುಕೊಂಡಿದ್ದಳು. ಅತ್ತೆ ಕೂತಿದ್ದರು ನಿಜ, ಆದರೆ ಕೈ ತುರಿಸುತ್ತಲೇ ಇತ್ತು.

ಐದನೇ ವಾರದ ಬುಧವಾರ ತಕ್ಕಡಿ ಮಕ್ಕಳ ಸ್ಕೂಲಿನ ಮೀಟಿಂಗಿಗೆ ಹೋದಳು. ಅತ್ತೆ ಬಟ್ಟೆ ಕ್ಲಿಪ್ಪು ಹುಡುಕುತ್ತಾ ಮೆಷಿನ್ನಿನ ಮುಚ್ಚಳ ಎತ್ತಿದರು. ನೋಡಿದರೆ ಐದು ಚೀಲ! ಸೊಸೆ ಎಲ್ಲೋ ತೆಗೆದಿಟ್ಟು ಮರೆತಿದ್ದಾಳೆ ಅಂತ ಅವರಿಗೆ ಖಾತ್ರಿಯಾಯಿತು. ಕ್ಯಾಂಟೀನಿನಲ್ಲಿ ಒಂದು ಕಾನೂನಿತ್ತು: ಮೂಲೆಯಲ್ಲಿ ಮರೆತುಹೋದ ಮಾಲು ಸಿಕ್ಕರೆ, ಹುಳ ಬೀಳುವ ಮೊದಲು, ಅವತ್ತೇ ಹಂಡೆಗೆ ಹಾಕಬೇಕು. ಮೂವತ್ತು ವರ್ಷ ಆ ಕಾನೂನು ಪಾಲಿಸಿದವರು ಅವತ್ತು ಬಿಟ್ಟಾರಾ? ಮಂಚದ ಕೆಳಗಿನಿಂದ ಹಳೇ ಹಂಡೆ ಎಳೆದರು, ಸೆರಗು ಸಿಕ್ಕಿಸಿದರು.

ತಕ್ಕಡಿ ವಾಪಸ್ ಬಂದಾಗ ಘಮ ಒಂದನೇ ಮಹಡಿಗೇ ಬಂದು ಅವಳನ್ನು ಎದುರುಗೊಂಡಿತು. ಯಾರ ಮನೆಯವರೋ, ಎಂಥ ಅದೃಷ್ಟವಂತರು ಅಂದುಕೊಂಡೇ ಮೆಟ್ಟಿಲು ಹತ್ತಿದಳು. ನೋಡಿದರೆ ತನ್ನದೇ ಮನೆ. ಅದೇ ಮಹಡಿಯ ಉಳಿದ ಮೂರು ಮನೆಯವರು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು: ಒಂಟಿಯಾಗಿದ್ದ ಟ್ಯಾಕ್ಸಿ ಡ್ರೈವರ್, ಟೈಲರ್ ಸಂಸಾರ, ರಿಟೈರಾದ ಪೋಸ್ಟ್‌ಮ್ಯಾನ್ ಮತ್ತು ಅವರ ಹೆಂಡತಿ. ನಡುವೆ ಅತ್ತೆ, ಸೌಟು ಹಿಡಿದು, ಹತ್ತು ವರ್ಷ ಚಿಕ್ಕವರಾಗಿ.

"ಬಾರೇ, ಬಾ! ಮೆಷಿನ್ನಲ್ಲಿ ಏನೇನೋ ಇಟ್ಟು ಮರೆತುಬಿಟ್ಟಿದ್ಯಲ್ಲ, ಪುಣ್ಯಕ್ಕೆ ನಾನು ನೋಡ್ದೆ" ಅಂದರು.

ತಕ್ಕಡಿ ವಾಪಸ್ ಹೋಗಿ ಮೆಟ್ಟಿಲ ಮೇಲೆ ಕೂತಳು. ಸಿಟ್ಟು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೇ ಬಂದವು. ಐದು ದಿನ ಹೋದವು. ಉಳಿದದ್ದು ಎರಡೇ ಸಂತೆ; ಎರಡರಿಂದ ಏಳು ದಿನ ಹುಟ್ಟಿಸೋಕೆ ಅವಳೇನು ದೇವರಾ?

ಎಲ್ಲರೂ ಉಂಡು ಹೋದಮೇಲೆ ಅತ್ತೆ ಬಂದು ಪಕ್ಕದಲ್ಲಿ ಕೂತರು. ತಕ್ಕಡಿ ಎಲ್ಲವನ್ನೂ ಹೇಳಿಬಿಟ್ಟಳು. ಅತ್ತೆಯ ಕೈಯಲ್ಲಿ ಸೌಟು ಇನ್ನೂ ಹಾಗೇ ಇತ್ತು.

"ಅಯ್ಯೋ ನನ್ನ ಕೈಗೆ ಬೆಂಕಿ ಬೀಳಾ! ನನ್ನ ಮಗಳ ಫೀಸು ನಾನೇ ಬೇಯಿಸಿಬಿಟ್ನಾ? ಮೊದ್ಲೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ನಿಂಗೆ?"

"ಹೇಳಿದ್ರೆ ಉಳಿಯಲ್ಲ ಅತ್ತೆ."

"ಹೇಳದೇ ಉಳಿಸಿದ್ಯಲ್ಲ, ಉಳೀತಾ?"

ತಕ್ಕಡಿ ಎದ್ದು ಹೋಗಿ ಖಾಲಿ ಹಂಡೆ ತೊಳೆಯೋಕೆ ಕೂತಳು.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ್ದು ಟ್ಯಾಕ್ಸಿಯವನು. ತಲೆ ಕೆರೆದುಕೊಳ್ಳುತ್ತಾ, "ಅಮ್ಮಾ, ಹೋಟ್ಲಲ್ಲಿ ತಿಂದು ತಿಂದು ಹೊಟ್ಟೆ ಕೆಟ್ಟಿದೆ. ರಾತ್ರಿ ಊಟಕ್ಕೆ ನನ್ನದೂ ಒಂದು ತಟ್ಟೆ ಇಡ್ತೀರಾ? ದುಡ್ಡು ಕೊಡ್ತೀನಿ" ಅಂದ. ಹಿಂದೆಯೇ ಟೈಲರ್ ಹೆಂಡತಿ. ಬಟ್ಟೆ ಹೊಲಿಯೋದ್ರಲ್ಲಿ ಒಲೆ ಕಡೆ ನೋಡೋಕೂ ಪುರಸೊತ್ತಿಲ್ಲವಂತೆ. ಪೋಸ್ಟ್‌ಮ್ಯಾನ್ ಮನೆಯಲ್ಲಿ ಇಬ್ಬರೇ, ಒಂದು ಕೋಸು ತಂದರೆ ಅರ್ಧ ಕೊಳೆಯುತ್ತೆ ಅಂತ ಗೋಳು.

ತಕ್ಕಡಿಯ ಕಣ್ಣು ಅತ್ತೆಯ ಕೈ ಮೇಲೆ ಹೋಯಿತು. ಆರು ಜನಕ್ಕೆ ಬೇಯಿಸೋಕೆ ಬಾರದ ಕೈ! ಹದಿನೈದು ಜನಕ್ಕೆ ಬೇಯಿಸೋದು ಅದಕ್ಕೆ ಮಕ್ಕಳಾಟ.

ಶುಕ್ರವಾರದಿಂದಲೇ ಶುರುವಾಯಿತು. ರಾತ್ರಿ ಊಟಕ್ಕೆ ತಮಗೆ ಮೊದಲು ಆಗುತ್ತಿದ್ದ ಖರ್ಚಿಗಿಂತ ಕಮ್ಮಿಯೇ ಮೂರು ಮನೆಯವರೂ ಕೊಟ್ಟರು. ತಕ್ಕಡಿ ಆ ದುಡ್ಡನ್ನು ಹಿಡಿದು ಚಿಲ್ಲರೆ ಅಂಗಡಿ ದಾಟಿ ಸಗಟು ಮಂಡಿಗೆ ನಡೆದಳು, ಮೂಟೆ ಲೆಕ್ಕದಲ್ಲಿ ಚೌಕಾಸಿ ಮಾಡಿದಳು. ಮಂಡಿಯ ದೊಡ್ಡ ಕಾಟಾದ ಮುಂದೆ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತರೆ ಹಮಾಲರು ಉಸಿರು ಬಿಗಿಹಿಡಿದು ತೂಗುತ್ತಿದ್ದರು. ಅತ್ತೆ ಹಂಡೆಗೆ ಕೈ ಹಚ್ಚಿದರು, ಮನೆಯ ಮಧ್ಯಾಹ್ನದ ಅಡುಗೆಯೂ ಮತ್ತೆ ಅವರ ಕೈಗೇ ಹೋಯಿತು. ಕೋಳಿಯಂಗಡಿಯವನು ಬಿಸಾಡುವ ಮೂಳೆಯಿಂದ ಅವರು ತೆಗೆಯುತ್ತಿದ್ದ ಸೂಪಿಗೆ ಟ್ಯಾಕ್ಸಿಯವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಎಲ್ಲರಿಗೂ ಬಡಿಸಿದ ಮೇಲೂ ಹಂಡೆಯಲ್ಲಿ ಮನೆಯ ಆರು ಜನರ ಪಾಲು ಉಳಿಯುತ್ತಿತ್ತು, ಮಾಡಿದ ಕೆಲಸಕ್ಕೆ ಕೂಲಿ ಅದು. ರಾತ್ರಿ ಊಟ ಹೀಗೆ ಗಿಟ್ಟಿದಮೇಲೆ ಮನೆಯ ದಿನಸಿ ಕರಗೋದೇ ನಿಧಾನವಾಯಿತು. ಮೆಷಿನ್ನಿನಲ್ಲಿ ಮತ್ತೆ ಚೀಲಗಳು ಬಂದು ಕೂತವು. ಗಂಡನಿಗೆ ಇದೆಲ್ಲ ನೆರೆಹೊರೆಯವರ ಉಪಕಾರಕ್ಕೆ ಅಂತ ಹೇಳಿದ್ದರು. ಅವನು ಉಂಡು ತೇಗುತ್ತಿದ್ದನೇ ಹೊರತು ಮೆಷಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ.

ಏಳನೇ ವಾರದ ಗುರುವಾರ ಬಾಗಿಲು ಹಾಕಿ ಇಬ್ಬರೂ ಎಣಿಸಿದರು. ಆರು. ಇನ್ನೊಮ್ಮೆ ಎಣಿಸಿದರು. ಮತ್ತೂ ಆರೇ.

ತಕ್ಕಡಿ ಅಡುಗೆಮನೆ ನೆಲದ ಮೇಲೆ ಕೂತಳು. ಒಂದು ದಿನ ಅಂದ್ರೆ ಏನು ಮಹಾ ಅಂತ ನಿಮಗೆ ಅನ್ನಿಸಬಹುದು. ಆದರೆ ಆ ಒಂದು ದಿನಕ್ಕೆ ಮಕ್ಕಳ ಮುಂದೆ ಖಾಲಿ ತಟ್ಟೆ ಇಡೋಕೆ ಅವಳಿಂದಾಗಲ್ಲ, ಯಾರ ಹತ್ತಿರವೂ ಕೈ ಚಾಚೋಕೂ ಆಗಲ್ಲ. "ಬಾಯಿ ಬಿಟ್ಟು ಮಾತು ಕೊಟ್ಟಿದ್ದೆ ಅತ್ತೆ ಆ ಹುಡುಗಿಗೆ" ಅಂದಳು.

ಅತ್ತೆ ಎದ್ದು ಹೋದರು. ಮಂಚದ ಕೆಳಗೆ ಅರ್ಧ ಮೈ ತೂರಿಸಿ, ಏದುಸಿರು ಬಿಡುತ್ತಾ ಒಂದು ದಿಂಬಿನ ಚೀಲ ಎಳೆದು ತಂದರು. ಒಳಗೆ ಅಕ್ಕಿ, ಬೇಳೆ, ಏಳೆಂಟು ಆಲೂಗಡ್ಡೆ.

"ಮಧ್ಯಾಹ್ನದ ಅಕ್ಕಿ ಅಳೀತಿದ್ದದ್ದು ನಾನೇ ತಾನೇ? ದಿನಾ ಒಂದೊಂದು ಹಿಡಿ ವಾಪಸ್ ತೆಗೀತಿದ್ದೆ. ಯಾರಿಗಾದ್ರೂ ಗೊತ್ತಾಯ್ತಾ? ಮೂವತ್ತು ವರ್ಷದಲ್ಲಿ ಮೊದಲನೇ ಸಲ ಕಮ್ಮಿ ಹಾಕಿದ್ದು ಕಣೇ, ಈ ಕೈಗೆ ಎಷ್ಟು ಬೈದೆ ಅಂತೀಯಾ!"

"ನಂಗೂ ಹೇಳ್ಲಿಲ್ವಲ್ಲ ಅತ್ತೆ!"

"ಹೇಳಿದ್ರೆ ಉಳಿಯಲ್ಲ ಅಂದೋಳು ಯಾರು?"

ಅಡುಗೆಮನೆ ನೆಲದ ಮೇಲೆ ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಸೊಸೆ ಒಂದೇ ಮಾತಿಗೆ ಒಟ್ಟಿಗೆ ನಗೋದು ನೀವೆಲ್ಲಾದರೂ ನೋಡಿದ್ದೀರಾ? ಟೈಲರ್ ಹೆಂಡತಿ ಏನಾಯಿತೋ ಅಂತ ಹೆದರಿ ಬಾಗಿಲಿಗೇ ಬಂದಳು.

ಶುಕ್ರವಾರ ಸಂಜೆ ಗಂಡ ದಿನಸಿ ದುಡ್ಡು ಕೈಗಿತ್ತ. ತಕ್ಕಡಿ ಅದನ್ನು ಎಣಿಸಲೂ ಇಲ್ಲ, ಅವನೆದುರೇ ನಾದಿನಿಯ ಕೈಗೆ ದಾಟಿಸಿದಳು.

"ಇದು ನಿಮ್ಮ ತಂಗಿ ಪರೀಕ್ಷೆ ಫೀಸು."

"ಅಲ್ಲಾ ಕಣೇ, ಹಾಗಾದ್ರೆ ವಾರ ಪೂರ್ತಿ ತಿನ್ನೋದೇನು?"

ತಕ್ಕಡಿ ಬಾಲ್ಕನಿಗೆ ಕರೆದುಕೊಂಡು ಹೋಗಿ ಮುಚ್ಚಳ ಎತ್ತಿದಳು. ಏಳು ಚೀಲ. ಅವನು ಒಂದೊಂದನ್ನೂ ಮುಟ್ಟಿ ನೋಡಿದ, ಬಗ್ಗಿ ಮೂಸಿಯೂ ನೋಡಿದ. ಆಮೇಲೆ, "ನಾನು ಸೋತೆ ಅಂತ ಕೈಬಿಟ್ಟಿದ್ದೆ. ನೀನು ನಂಗೇ ಗೊತ್ತಿಲ್ದಂಗೆ ಗೆದ್ದುಬಿಟ್ಯಲ್ಲೇ" ಅಂದ. ಕಣ್ಣು ಒದ್ದೆಯಾಗಿದ್ದನ್ನು ಮುಚ್ಚಿಕೊಳ್ಳಲೂ ಇಲ್ಲ. ನಾದಿನಿಯಂತೂ ಅಮ್ಮನನ್ನೂ ಅತ್ತಿಗೆಯನ್ನೂ ಒಟ್ಟಿಗೇ ತಬ್ಬಿಕೊಂಡು ಅವರನ್ನು ಉಸಿರಾಡಲು ಬಿಡಲಿಲ್ಲ.

ಶನಿವಾರ ಹನ್ನೊಂದು ಗಂಟೆಗೇ ಫೀಸು ಕಟ್ಟಿಯಾಯಿತು. ನಾದಿನಿ ಕ್ಲಾಸಿಗೆ ಓಡಿದಳು. ತಕ್ಕಡಿ ಒಬ್ಬಳೇ ವಾಪಸ್ ಹೊರಟಳು. ಬೇಕೆಂದೇ ಮಾರ್ಕೆಟ್ಟಿನ ದಾರಿ ಹಿಡಿದಳು. ತುಂಬು ವ್ಯಾಪಾರದ ಹೊತ್ತು. ಬುಟ್ಟಿ ತುಂಬ ತರಕಾರಿ, ಎಲ್ಲ ತಾಜಾ, ಎಲ್ಲಕ್ಕೂ ಪೂರಾ ಬೆಲೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ಆ ಬೀದಿಯಲ್ಲಿ ಕೈಯಲ್ಲಿ ಚೀಲವಿಲ್ಲದೆ, ತಲೆಯಲ್ಲಿ ಲೆಕ್ಕವಿಲ್ಲದೆ ನಡೆದದ್ದು ಅದೇ ಮೊದಲು. ಕೈ ಬೀಸಿಕೊಂಡು, ನಿಧಾನವಾಗಿ, ನಟ್ಟನಡುವೆ ನಡೆದಳು.

ಈರುಳ್ಳಿಯವನು ದಂಗಾಗಿ ಎದ್ದು ನಿಂತ. "ಏನ್ ತಕ್ಕಡಿಯಮ್ಮಾ, ಇವತ್ತು ಏನೂ ಬೇಡ್ವಾ?"

"ಏನೂ ಬೇಡಪ್ಪ" ಅಂದಳು, ಬೀದಿಗೆಲ್ಲ ಕೇಳುವ ಹಾಗೆ. "ಮನೆ ತುಂಬಿದೆ."