ಅಕ್ಕ ಒರೆಸಿದ ಆನೆಯ ಹಲ್ಲು

ಫಿನಾಯಿಲ್ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ಆನೆಯ ಹಲ್ಲು ನೆನಪಾಗುತ್ತದೆ. ಈ ಬೆಳಿಗ್ಗೆ ಪಾಂಡವಪುರದ ನಮ್ಮ ಮನೆಯ ನಡುಮನೆ ಒರೆಸುವಾಗ ಹೆಂಡತಿ ಬಾಟಲಿಯನ್ನು ಕೊಂಚ ಉದಾರವಾಗಿಯೇ ಬಗ್ಗಿಸಿದಳು. ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಪೇಪರು ಓದುತ್ತಿದ್ದ ನಾನು, ನೆರವಿಗೆ ಏಳುವ ಬದಲು, ಹೋದ ವರ್ಷಕ್ಕೆ ಹೊರಟುಹೋದೆ. ನೀವೂ ಬನ್ನಿ. ನೆಲ ಒಣಗುವ ತನಕ ಇಲ್ಲಿ ಕಾಲಿಡುವಂತಿಲ್ಲ.

ನಾಗಮಂಗಲದಲ್ಲಿರುವ ನನ್ನ ಅಕ್ಕ ಬಿಂಡಿಗನವಿಲೆ ಕಡೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಪಳೆಯುಳಿಕೆಗಳ ಪಾಠ ಪ್ರತಿ ವರ್ಷವೂ ಬರುತ್ತಿತ್ತು. ಪಾಠದ ಜೊತೆ ಒಂದು ಕಪ್ಪು ಚಿತ್ರ. ಅದು ಪ್ರಾಣಿಯೋ ಚೆಲ್ಲಿದ ಶಾಯಿಯೋ ಎಂಬ ತೀರ್ಮಾನವನ್ನು ಅಚ್ಚು ಹಾಕಿದವರು ಓದುವವರ ವಿವೇಚನೆಗೆ ಬಿಟ್ಟಿದ್ದರು. ಒಂದು ವರ್ಷ ಸಾಕಮ್ಮ ಎಂಬ ಹುಡುಗಿ ಎದ್ದು ನಿಂತು, ಇದನ್ನು ಎತ್ತಿದರೆ ಭಾರ ಇರುತ್ತದೋ ಹಗುರ ಇರುತ್ತದೋ ಎಂದು ಕೇಳಿದಳಂತೆ. ಅಕ್ಕ ಕಂಡಿದ್ದು ಆ ಚಿತ್ರವೊಂದನ್ನೇ. ಆದರೆ ಪಾಠ ಹೇಳುವವರು ‘ಗೊತ್ತಿಲ್ಲ’ ಎನ್ನುವ ಪದ್ಧತಿ ನಮ್ಮ ತಾಲೂಕುಗಳಿಗೆ ಆಗಿನ್ನೂ ಬಂದಿರಲಿಲ್ಲ. ಲಕ್ಷಾಂತರ ವರ್ಷ ಒಣಗಿದ ಮೂಳೆ, ಬೆಂಡಿನ ಹಾಗೆ ಹಗುರ, ಎಂದುಬಿಟ್ಟಳು. ಹುಡುಗಿ ನಂಬಿ ಕುಳಿತಳು. ನಂಬದೆ ಉಳಿದವಳು ಅಕ್ಕ ಒಬ್ಬಳೇ.

ನಿವೃತ್ತಿಯಾದ ಮೇಲೆ ಕಣ್ಣಿನ ನರ ಸೊರಗಿ, ಅಕ್ಕನಿಗೆ ಬೆಳಕೂ ಕತ್ತಲೂ ಒಂದೇ ಆಯಿತು. ಬಂದವರೆಲ್ಲ ಪುಣ್ಯಕ್ಷೇತ್ರಗಳ ಪಟ್ಟಿ ಕೊಟ್ಟರು. ಅವಳು ನನ್ನನ್ನು ಕರೆದು ಹೇಳಿದಳು: “ಲೇ, ನಂಗೆ ಕಾಶಿನೂ ಬ್ಯಾಡ, ತಿರುಪತಿನೂ ಬ್ಯಾಡ. ಆ ಪಾಠದಲ್ಲಿದ್ದಂಥಾ ಮೂಳೆ ಒಂದ್ನ ಒಂದ್ಸಲ ಕೈಲಿ ಎತ್ತಿಸ್ಬುಡು.”

ಶ್ರೀರಂಗಪಟ್ಟಣ ದಾಟಿ ಹೋಗುವ ದಾರಿಯಲ್ಲಿ ಒಂದು ಪಳೆಯುಳಿಕೆ ಸಂಗ್ರಹಾಲಯವಿದೆ. ಹೆಸರು ಬೇಡ, ಬದುಕಿಕೊಳ್ಳಲಿ. ಕಣ್ಣಿಲ್ಲದವರಿಗೆ ಏನಾದರೂ ವ್ಯವಸ್ಥೆ ಇದೆಯೇ ಎಂದು ಫೋನಿನಲ್ಲಿ ವಿಚಾರಿಸಿದೆ. ಸಕಲ ವ್ಯವಸ್ಥೆಯೂ ಇದೆ ಎಂದು ಉತ್ತರ ಬಂತು. ಹೋದೊಡನೆ ಅಲ್ಲಿನ ಕಾವಲುಗಾರ ಆ ಸಕಲವನ್ನೂ ತಳ್ಳಿಕೊಂಡು ಬಂದ. ಅದೊಂದು ಗಾಲಿಕುರ್ಚಿ.

“ಕಾಲು ನೆಟ್ಟಗವೆ ಕಣಪ್ಪ, ಕಾಣದಿರೋದು ಕಣ್ಣು” ಎಂದಳು ಅಕ್ಕ.

“ನಮ್ತಾವ ಇರೋದು ಇದೊಂದೇ ಅಮ್ಮಾವ್ರೆ. ಕೂತ್ಕಂಡ್ರೆ ರಿಜಿಸ್ಟರಲ್ಲಿ ಬರ್ಕೊಳ್ಳಕಾಯ್ತದೆ.”

ದಿನಾ ಬೆಳಿಗ್ಗೆ ನೆರೆಯವಳ ತೋಳು ಹಿಡಿದು ಎರಡು ಮೈಲಿ ನಡೆಯುವ ಅಕ್ಕ, ರಿಜಿಸ್ಟರಿನ ಮೇಲಿನ ಕರುಣೆಯಿಂದ ಕುಳಿತಳು. ಮಂಡಿ ಸವೆದ ನಾನು ತಳ್ಳಿದೆ. ಎರಡನೆಯ ಕೋಣೆಗೆ ಬರುವಷ್ಟರಲ್ಲಿ ನನ್ನ ನರಳಾಟ ಕೇಳಲಾರದೆ ಅವಳು ಎದ್ದು ನನ್ನನ್ನು ಕೂರಿಸಿ, ದಾರಿ ಹೇಳು ಎಂದು ತಾನೇ ತಳ್ಳತೊಡಗಿದಳು. ಕಣ್ಣಿಲ್ಲದವಳು ನೂಕುವ, ಕಾಲಿಲ್ಲದವನು ನಡೆಸುವ ಈ ಮೆರವಣಿಗೆಗೆ ರಿಜಿಸ್ಟರಿನಲ್ಲಿ ಕಾಲಮ್ಮು ಇರಲಿಕ್ಕಿಲ್ಲ.

ಬೆರಳಿನಿಂದ ಓದುವ ಬ್ರೈಲ್ ಫಲಕವೂ ಒಂದಿತ್ತು. ಯಾರೂ ಮುಟ್ಟಿ ಹಾಳು ಮಾಡದಿರಲೆಂದು ಅದಕ್ಕೆ ಗಾಜು ಹಾಕಿಸಿದ್ದರು. ಉಳಿದುದನ್ನೆಲ್ಲ ವರ್ಣಿಸುವ ಭಾರ ನನ್ನ ಮೇಲೆ ಬಿತ್ತು. ಇದು ಕಲ್ಲು, ಎಂದೆ. ಪಕ್ಕದ್ದೂ ಕಲ್ಲೇ, ಆದರೆ ಸ್ವಲ್ಪ ದೊಡ್ಡದು, ಎಂದೆ. ಮೂರನೇ ಕ್ಲಾಸಿನ ಐಕ್ಳು ಇದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದವು ಎಂದು ಅಕ್ಕ ನನ್ನನ್ನು ಅಲ್ಲೇ ಫೇಲು ಮಾಡಿದಳು.

ಕೊನೆಯ ಕೋಣೆಯಲ್ಲಿ ಆನೆಯ ದವಡೆಹಲ್ಲು. ಮುಚ್ಚಿದ್ದ ಗಾಜು ಒಡೆದು, ಹೊಸದು ಮಂಜೂರಾಗುವವರೆಗೆ ಅದು ಮರದ ಪೀಠದ ಮೇಲೆ ಬಯಲಾಗಿತ್ತು. ಸುತ್ತ ಒಂದು ಹಗ್ಗ. ಅಕ್ಕ ಬಂದ ಉದ್ದೇಶವನ್ನು ಕಾವಲುಗಾರನಿಗೆ ವಿನಯವಾಗಿಯೇ ಹೇಳಿದಳು. ಸಿಬ್ಬಂದಿ ಹೊರತು ಯಾರೂ ಮುಟ್ಟುವಂತಿಲ್ಲ ಎಂದು ಅವನೂ ಅಷ್ಟೇ ವಿನಯವಾಗಿ ಹೇಳಿದ. ಮೂವತ್ತು ವರ್ಷ ಮಕ್ಕಳಿಗೆ ನಿಯಮ ಹೇಳಿದವಳಿಗೆ ನಿಯಮ ಮುರಿಯುವುದು ಬರುವುದಿಲ್ಲ. ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಅಷ್ಟರಲ್ಲಿ ಫಿನಾಯಿಲ್ ಬಕೀಟು ಹಿಡಿದು ಪುಟ್ಟಮ್ಮ ಬಂದಳು. ಕೆ.ಆರ್. ಪೇಟೆ ತಾಲೂಕಿನ ಹೇಮಗಿರಿ ಕಡೆಯವಳು, ಸಂಗ್ರಹಾಲಯದಲ್ಲಿ ಕಸ ಗುಡಿಸಿ ನೆಲ ಒರೆಸುವವಳು. ಹಗ್ಗವನ್ನು ಕಾಲಿನಿಂದಲೇ ಸರಿಸಿ, ಲಕ್ಷಾಂತರ ವರ್ಷದ ಹಲ್ಲನ್ನು ಕುಂಬಳಕಾಯಿಯ ಹಾಗೆ ತಬ್ಬಿ ಎತ್ತಿ, ಅಡಿಯ ಧೂಳು ಒರೆಸಿ, ದೊಪ್ಪನೆ ಇಟ್ಟಳು. ಆ ಸದ್ದಿಗೆ ಅಕ್ಕ ತಟ್ಟನೆ ಕತ್ತು ತಿರುಗಿಸಿದಳು. ಬೆಂಡು ಬಿದ್ದರೆ ಹಾಗೆ ಸದ್ದಾಗುವುದಿಲ್ಲ; ಅವಳ ಮುಖ ಬಾಡಿತು.

ಪುಟ್ಟಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಸಂಗತಿ ಕೇಳಿ ತಿಳಿದುಕೊಂಡಳು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಅಕ್ಕನ ಕೈಗಿಟ್ಟಳು.

“ದಿನಾ ನಾನು ಎತ್ತಿ ಮಡಗ್ತೀನಿ, ಯಾರೂ ಬ್ಯಾಡ ಅಂದಿಲ್ಲ. ನನ್ ಸೊಂಟ ಇಡ್ಕಂಬುಟ್ಟದೆ ಟೀಚರಮ್ಮ. ಇವತ್ತು ನೀವೇ ವರ್ಸಿ.”

ಕಾವಲುಗಾರನಿಗೆ ಆಚೆ ಕೋಣೆಯ ಫ್ಯಾನು ಆರಿಸುವ ತುರ್ತು ಕೆಲಸ ಆಗಲೇ ನೆನಪಾಯಿತು.

ಅಕ್ಕ ಒರೆಸಿದಳು. ಮೊದಲು ಬಟ್ಟೆಯಿಂದ, ಆಮೇಲೆ ಬಟ್ಟೆ ಬಿಟ್ಟು ಬೆರಳಿನಿಂದ. ಏಣುಏಣಾಗಿದ್ದ ಮೇಲ್ಮೈಯನ್ನು ಸವರಿ, ಬೀಸುವ ಕಲ್ಲಿನ ಹಾಗಿದೆ ಎಂದು ತನಗೆ ತಾನೇ ಅಂದುಕೊಂಡಳು. ಕೊನೆಗೆ ಎರಡೂ ಕೈ ಹಾಕಿ ಎತ್ತಿದಳು. ಪುಟ್ಟಮ್ಮ ಕೆಳಗೆ ಕೈ ಕೊಟ್ಟಿದ್ದಳು.

“ಭಾರ ಕಣ್ಲಾ” ಎಂದಳು ಅಕ್ಕ. ಹಲ್ಲಿಗೆ ಕೆನ್ನೆ ತಾಗಿಸಿ, “ತಣ್ಣಗೂ ಐತೆ. ಆ ಮಗೀಗೆ ಸುಳ್ಳೇಳ್ಬುಟ್ಟೆ.”

ಅಂದಿನಿಂದ ಸಾಕಮ್ಮನ ಹುಡುಕಾಟ ನನ್ನ ಪಾಲಿಗೆ ಬಂತು. ಅವಳು ಕೆ.ಆರ್. ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಾಳೆಂದು ತಿಳಿದು, ನಂಬರು ಸಿಕ್ಕಿ ಮೂರು ದಿನವಾಗಿದೆ. ನಾನು ಅಕ್ಕನಿಗೆ ಹೇಳಿರಲಿಲ್ಲ. ಇಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತದೆ, ಅಕ್ಕ ಸುಮ್ಮನೆ ಪೆಚ್ಚಾಗುತ್ತಾಳೆ ಎಂಬುದು ನನ್ನ ಘನವಾದ ವಾದವಾಗಿತ್ತು. ನೋಡಿ, ಹಗ್ಗ ಕಟ್ಟುವುದಕ್ಕೆ ಸಂಗ್ರಹಾಲಯವೇ ಆಗಬೇಕೆಂದಿಲ್ಲ.

ಈಗ, ಒದ್ದೆ ನೆಲದ ಮೇಲೆ ಹೆಜ್ಜೆ ಮೂಡಿಸಿ, ಬೈಸಿಕೊಂಡು, ಫೋನು ತಂದು ಇಬ್ಬರನ್ನೂ ಒಂದೇ ಕರೆಯಲ್ಲಿ ಕೂಡಿಸಿದೆ. ಅಕ್ಕ ತನ್ನ ತಪ್ಪನ್ನು ಒಪ್ಪಿಸಿದಳು. ನಾನೆಣಿಸಿದಂತೆಯೇ ಸಾಕಮ್ಮನಿಗೆ ಪ್ರಶ್ನೆಯೂ ನೆನಪಿರಲಿಲ್ಲ, ಉತ್ತರವೂ ನೆನಪಿರಲಿಲ್ಲ. ಆ ಕಡೆ ಹೊಲಿಗೆ ಮಿಷನ್ನು ಓಡುತ್ತಲೇ ಇತ್ತು. ಆಮೇಲೆ ನಿಂತಿತು.

“ಅಂಗಾರೆ ಮಿಸ್,” ಎಂದಳು ಸಾಕಮ್ಮ, “ಎಷ್ಟು ಭಾರ ಇತ್ತು?”

ಅಕ್ಕ ಗಂಟಲು ಸರಿಪಡಿಸಿಕೊಂಡು ಪಾಠ ಶುರುಮಾಡಿದಳು. ಇನ್ನೊಬ್ಬರ ಮಾತಿಗೆ ಕಿವಿಗೊಡುವುದು ಸಭ್ಯತೆಯಲ್ಲವೆಂದು ಗೊತ್ತಿದ್ದೂ ನಾನು ಫೋನಿಡಲಿಲ್ಲ. ಆ ಹಲ್ಲನ್ನು ನಾನೂ ಎತ್ತಿ ನೋಡಿರಲಿಲ್ಲ.