ಅರಬ್ಬಿ ಬಲ್ಲವರ ಮನೆಯಲ್ಲಿ ಜಪಾನಿನ ಹುಡುಗಿ

ಮೂವತ್ತು ದಾಟಿದ ಗಣಿತದ ಮಾಸ್ತರನೊಬ್ಬ ಕಾರ್ಟೂನು ನೋಡಿ ಅತ್ತನೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನು ಅತ್ತದ್ದು ನಿಜ, ಅದೂ ಒಂದು ಸಲವಲ್ಲ. ವಾರವಿಡೀ ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೋಗಿ, ಭಿನ್ನರಾಶಿ ಕಲಿಯದವರ ಕಿವಿ ಹಿಂಡಿ, ಸಂಜೆ ಬಾಡಿಗೆ ಕೋಣೆಗೆ ಬಂದು ಬೀಳುತ್ತಿದ್ದ ನಾನು, ಭಾನುವಾರ ಮಧ್ಯಾಹ್ನ ಮೂರಾಯಿತೆಂದರೆ ಮುಖ ತೊಳೆದು ಮಾಲೀಕರ ಪಡಸಾಲೆಯ ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಹಾಜರ್. ಯಾರಾದರೂ ಹುಬ್ಬೇರಿಸಿದರೆ, ಮಕ್ಕಳ ಮನಸ್ಸು ತಿಳಿಯುವುದು ನನ್ನ ವೃತ್ತಿಗೆ ಅಗತ್ಯ ಎನ್ನುತ್ತಿದ್ದೆ. ಆ ಚಾಪೆಯ ಮೇಲೆ ಮಕ್ಕಳಿಗಿಂತ ಮುದುಕಿಯರೇ ಹೆಚ್ಚಿದ್ದರು ಎಂಬುದು ಬೇರೆ ಮಾತು.

ಎಂಬತ್ತರ ದಶಕದ ನಡುವಿನ ಸಂಗತಿ ಇದು. ಮಾಲೀಕರು ಮಹಬೂಬ್ ಚಾಚಾ, ಬಳೆ ವ್ಯಾಪಾರಿ. ಅವರ ಮಗ ಸಲೀಂ ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದ. ಹಿಂದಿನ ರಜೆಯಲ್ಲಿ ಬಂದವನು ಒಂದು ಬಣ್ಣದ ಟಿವಿ, ಒಂದು ವಿಸಿಆರ್ ಮತ್ತು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್ಟು ಇಟ್ಟು ಹೋಗಿದ್ದ. ಅಲ್ಲಿಯ ಯಾವುದೋ ಮನೆಯ ಮಕ್ಕಳು ನೋಡಿ ಬೇಸತ್ತು ಕೊಟ್ಟ ಹಳೆಯ ಧಾರಾವಾಹಿ ಅದು. ಚಿತ್ರ ಜಪಾನಿನದು, ಕೊನೆಯಲ್ಲಿ ಓಡುವ ಅಕ್ಷರಗಳನ್ನು ನಾನು ನಮ್ಮ ಶಾಲೆಯ ಜಪಾನಿ ರೇಡಿಯೋ ಪೆಟ್ಟಿಗೆಯ ಮೇಲೆ ನೋಡಿದ್ದೆ. ಆದರೆ ಮಾತೆಲ್ಲ ಅರಬ್ಬಿ. ಸಮುದ್ರದಲ್ಲಿ ಕಳೆದುಹೋದ ಅಣ್ಣನನ್ನು ಹುಡುಕುತ್ತ ಒಬ್ಬ ಹುಡುಗಿ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾಳೆ. ಅವಳ ದೋಣಿಯಲ್ಲಿ ಬಿಳಿಗಡ್ಡದ ಒಬ್ಬ ನಾವಿಕ. ಕಣ್ಣಿಗೆ ಕಂಡದ್ದು ಇಷ್ಟು. ಉಳಿದದ್ದನ್ನೆಲ್ಲ ನಮಗೆ ಹೇಳುತ್ತಿದ್ದವರು ಚಾಚಾ.

ಚಾಚಾ ಖುರಾನ್ ಓದುವುದನ್ನು ಕೇಳಬೇಕು ನೀವು. ಬೆಳಿಗ್ಗೆ ಅವರ ದನಿ ಗೋಡೆ ದಾಟಿ ಬಂದರೆ ನನ್ನ ಕೈಯಲ್ಲಿನ ಹಲ್ಲುಪುಡಿ ಹಾಗೇ ನಿಲ್ಲುತ್ತಿತ್ತು. ಅಷ್ಟು ಸೊಗಸಾಗಿ ಅರಬ್ಬಿ ಓದುವವರಿಗೆ ಅರಬ್ಬಿ ಬಾರದೆ ಇರುತ್ತದೆಯೇ ಎಂಬುದು ಓಣಿಯವರ ತರ್ಕ. ಗಣಿತ ಕಲಿಸುವ ನಾನೂ ಅದನ್ನು ಒಪ್ಪಿದ್ದೆ. ಒಪ್ಪುವ ಮುನ್ನ ನನ್ನದೇ ಸಂಧ್ಯಾವಂದನೆಯನ್ನಾದರೂ ನೆನೆಯಬೇಕಿತ್ತು. ಇಪ್ಪತ್ತು ವರ್ಷ ಒಂದಕ್ಷರ ತಪ್ಪದೆ ಹೇಳಿದ್ದೇನೆ. ಅರ್ಥ ಕೇಳಿದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಚಾಚಾ ಹೇಳುವ ರೀತಿ ಮಾತ್ರ ಅದ್ಭುತ. ಬಿಳಿಗಡ್ಡದ ನಾವಿಕ ಮೊದಲ ವಾರವೇ ಹುಡುಗಿಯ ಸೋದರಮಾವನಾದ. ಅವನು ಗುಡುಗಿದರೆ, "ಉಂಡಿಲ್ಲಂತ ಬೈಯಾಕತ್ತಾನ" ಎನ್ನುತ್ತಿದ್ದರು. ಹುಡುಗಿ ಮುಖ ತಿರುಗಿಸಿದರೆ, "ದಿನಾ ಮಂಡಾಳ ಒಗ್ಗರಣಿ ಮಾಡ್ತಿ, ಒಲ್ಲೆ ಅಂತಾಳ." ಎದುರು ಮನೆಯ ಹನುಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ತಾಯಿಲ್ಲದ ಕೂಸು, ಮತ್ತೇನು ತಿಂತದ ಯವ್ವಾ" ಎನ್ನುತ್ತಿದ್ದಳು. ಜಪಾನಿನವರ ಜಾಣತನವೂ ಚಾಚಾನಿಗೆ ಅನುಕೂಲವಾಗಿತ್ತು. ಅವರು ಖರ್ಚು ಉಳಿಸಲೋ ಏನೋ, ಹುಡುಗಿಯನ್ನು ದಡದಲ್ಲಿ ನಿಲ್ಲಿಸಿ ಕೂದಲನ್ನಷ್ಟೇ ಹಾರಿಸುತ್ತಿದ್ದರು. ನಮ್ಮ ತೊಗಲುಗೊಂಬೆಯವರ ಹಾಗೆ, ಒಂದು ಕೈ ಆಡಿದರೆ ಸಾಕು, ಇಡೀ ಮೈಗೆ ಜೀವ. ಆ ಅರೆನಿಮಿಷದ ಗಾಳಿಯಲ್ಲಿ ಚಾಚಾ ಅವಳ ತಾಯಿಯ ಮದುವೆಯಿಂದ ಹಿಡಿದು ಕಥೆ ಹೇಳಿ ಮುಗಿಸುತ್ತಿದ್ದರು.

ನನಗೆ ಮೊದಲು ಅನುಮಾನ ಹುಟ್ಟಿದ್ದು ಕರೆಂಟು ಹೋದ ದಿನ. ಟಿವಿ ಕಪ್ಪಾಯಿತು, ಫ್ಯಾನು ನಿಂತಿತು, ಚಾಚಾ ಮಾತ್ರ ನಿಲ್ಲಲಿಲ್ಲ. ಹುಡುಗಿ ಇನ್ನೊಂದು ದ್ವೀಪ ಮುಟ್ಟಿ, ಅಲ್ಲಿಯ ಸಂತೆಯಲ್ಲಿ ಅಣ್ಣನ ಅಂಗಿ ಗುರುತು ಹಿಡಿದಳು. ಕರೆಂಟು ಬಂದಾಗ ಅವಳು ಹಳೆಯ ದ್ವೀಪದಲ್ಲೇ ಮೀನು ಸುಡುತ್ತಿದ್ದಳು. "ವಾಪಸ್ ಬಂದಾಳ" ಎಂದರು ಚಾಚಾ. ಎಲ್ಲರೂ ತಲೆಯಾಡಿಸಿದರು.

ಮೂಕಿಚಿತ್ರಗಳ ಕಾಲದಲ್ಲಿ ಜಪಾನಿನಲ್ಲೇ ಪರದೆಯ ಪಕ್ಕ ಒಬ್ಬ ಕಥೆಗಾರ ನಿಂತು ಎಲ್ಲ ಪಾತ್ರಗಳ ಮಾತನ್ನೂ ಆಡುತ್ತಿದ್ದನಂತೆ. ಜನ ನಟರನ್ನು ಬಿಟ್ಟು ಅವನ ಹೆಸರು ನೋಡಿ ಟಿಕೆಟ್ಟು ಕೊಳ್ಳುತ್ತಿದ್ದರಂತೆ. ಲೈಬ್ರರಿಯಲ್ಲಿ ಇದನ್ನು ಓದಿದ ಮೇಲೆ ನನ್ನ ಅನುಮಾನಕ್ಕೆ ಶಾಸ್ತ್ರಾಧಾರ ಸಿಕ್ಕಂತಾಗಿ ನಿದ್ದೆ ಚೆನ್ನಾಗಿ ಬಂತು.

ಹೀಗಿರುವಾಗ ಸಲೀಂ ರಜೆಗೆ ಬಂದ, ಧಾರಾವಾಹಿಯ ಕಡೆಯ ಕ್ಯಾಸೆಟ್ಟನ್ನೂ ತಂದ. ಅಣ್ಣ ಸಿಗುತ್ತಾನೋ ಇಲ್ಲವೋ ಎಂದು ಓಣಿಯೆಲ್ಲ ಕಾದಿತ್ತು. ಶನಿವಾರ ಸಂಜೆ ಚಾಚಾ ನನ್ನ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಕೂತರು.

"ಮಾಸ್ತರ್, ನಾಳೆ ನನ್ನ ಇಜ್ಜತ್ ಹೋಗ್ತದ. ನನಗ ಓದಾಕ ಬರ್ತದ, ಅರ್ಥ ಎಲ್ಲಿ ಬರ್ತದ? ಮೊದಲನೇ ದಿನ ಹನುಮವ್ವ ಕೇಳಿದ್ಲು, ಬಾಯಿಗೆ ಬಂದದ್ದು ಹೇಳಿದೆ. ಈಗ ಸಲೀಂ ಎದುರಿಗೆ ಹೆಂಗ ಹೇಳ್ಲಿ? ಆರು ವರ್ಷ ಅರಬರ ನಡುವೆ ಇದ್ದಾನ. ಮಗನ ಮುಂದ ಅಪ್ಪ ಸುಳ್ಳ ಆಗಬಾರ್ದು ನೋಡ್ರಿ."

ಬಳೆ ತೊಡಿಸಿ ತೊಡಿಸಿ ಮೆತ್ತಗಾದ ಆ ಕೈಗಳು, ಯಾರಿಗೂ ಹೇಳಬಾರದೆಂದು ನನ್ನ ಕೈ ಹಿಡಿದುಕೊಂಡವು. ನನಗೆ ನಿಜಕ್ಕೂ ಸಂಕಟವಾಯಿತು. ಏನೋ ಸಮಾಧಾನ ಹೇಳಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ಚಹಾ ಕುಡಿಸುತ್ತೇನೆಂದು ಸಲೀಂ ನನ್ನನ್ನು ಸ್ಟೇಷನ್ ರಸ್ತೆಗೆ ಕರೆದುಕೊಂಡು ಹೋದ. ಎರಡು ಗುಟುಕು ಕುಡಿದು ಸುತ್ತ ನೋಡಿದ.

"ಸರ್, ಅಬ್ಬಾ ಮುಂದ ಹೇಳಬ್ಯಾಡ್ರಿ. ನನಗ ಅರಬ್ಬಿ ಬರಂಗಿಲ್ರಿ. ನಮ್ಮ ಗೋದಾಮಿನಾಗ ಎಲ್ಲಾ ಕೇರಳದವ್ರು. ಆರು ವರ್ಷದಾಗ ನಾ ಕಲಿತದ್ದು ಮಲಯಾಳಂ! ಪತ್ರದಾಗ ಮಾತ್ರ ಅರಬ್ಬಿ ಫಸ್ಟ್ ಕ್ಲಾಸ್ ಅಂತ ಬರ್ದೀನಿ. ಇವತ್ತು ಓಣಿ ಮಂದಿ ನನ್ನನ್ನ ಹೇಳು ಅಂದ್ರ? ಅಬ್ಬಾಗ ಅಷ್ಟು ಚಲೋ ಬರ್ತದ, ತಪ್ಪು ಹಿಡೀತಾರ."

ಚಹಾ ನನ್ನ ನೆತ್ತಿಗೇರಿತು. ಕೆಮ್ಮುತ್ತಿದ್ದ ನನ್ನ ಬೆನ್ನನ್ನು ಪಾಪ ಅವನೇ ತಟ್ಟಿದ. ಇಬ್ಬರ ಗುಟ್ಟೂ ನನ್ನಲ್ಲೇ ಉಳಿದುಬಿಟ್ಟಿತು. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದ್ದರೆ ಇಬ್ಬರ ಎದೆಯೂ ಹಗುರಾಗುತ್ತಿತ್ತು ನಿಜ. ಆದರೆ ಇಬ್ಬರೂ ಅಲ್ಲಾನ ಆಣೆ ಹಾಕಿಸಿಕೊಂಡಿದ್ದರು.

ಮೂರು ಗಂಟೆಗೆ ಪಡಸಾಲೆಯಲ್ಲಿ ಸೂಜಿ ಇಡಲು ಜಾಗವಿರಲಿಲ್ಲ. ಹುಡುಗಿ ತೆರೆಯ ಮೇಲೆ ಬಂದಳು. ನಾವಿಕ ಏನೋ ಹೇಳಿದ. ಎಲ್ಲರ ಮುಖ ಚಾಚಾನ ಕಡೆ ತಿರುಗಿತು. ಚಾಚಾ ಗಂಟಲು ಸರಿ ಮಾಡಿಕೊಂಡು, "ಇವತ್ತು ಸಲೀಂ ಹೇಳ್ಲಿ, ಅವನಿಗೆ ಹೆಚ್ಚು ಗೊತ್ತದ" ಎಂದರು. ಸಲೀಂ ಎದೆಯ ಮೇಲೆ ಕೈಯಿಟ್ಟು ಬಾಗಿದ. "ಛೆ ಛೆ, ಅಬ್ಬಾ ಕೂತಾಗ ನಾ ಬಾಯಿ ತೆರೀಬಾರ್ದು. ನೀವ ಹೇಳ್ರಿ." "ಇಲ್ಲ ಬೇಟಾ, ನೀನ ಹೇಳು." "ಇಲ್ಲ ಅಬ್ಬಾ, ತಾವ ಹೇಳ್ರಿ."

ನಿಜಾಮರ ರಾಜ್ಯ ಹೋಗಿ ಎಷ್ಟೋ ಕಾಲವಾದರೂ ಮೊದಲು ತಾವು ಎನ್ನುವ ಅದಬು ನಮ್ಮೂರಲ್ಲಿ ಇನ್ನೂ ಉಳಿದಿದೆ. ಬಾಗಿಲಲ್ಲಿ ಇಬ್ಬರು ಎದುರಾದರೆ ಇಬ್ಬರೂ ಹೊರಗೇ ಉಳಿಯುವ ಊರು ಇದು. ಜನಕ್ಕೆ ಏನೂ ಅನ್ನಿಸಲಿಲ್ಲ. ಅಪ್ಪ ಮಕ್ಕಳೆಂದರೆ ಹೀಗಿರಬೇಕು ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿಕೊಂಡರು. ನಾನು ಚಾಪೆಯ ಕಡ್ಡಿ ಕೀಳುತ್ತ ತಲೆ ತಗ್ಗಿಸಿ ಕೂತಿದ್ದೆ.

ಅಷ್ಟರಲ್ಲಿ ಕಥೆ ಯಾರಿಗೂ ಕಾಯದೆ ಮುಂದೆ ಹೋಗಿತ್ತು. ದೂರದಲ್ಲೊಂದು ದೋಣಿ ಕಂಡಿತು. ಹುಡುಗಿ ಎದ್ದು ನಿಂತಳು, ಕೂದಲು ಹಾರಿತು. ದೋಣಿಯಿಂದ ಒಬ್ಬ ಹುಡುಗ ನೀರಿಗೆ ಹಾರಿ ಓಡಿ ಬಂದ. ಇವಳು ಓಡಲಿಲ್ಲ. ನಿಂತಲ್ಲೇ ನಿಂತು, ಅವನು ಹತ್ತಿರ ಬಂದ ಮೇಲೆ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. ಬಿಳಿಗಡ್ಡದ ನಾವಿಕ ಟೋಪಿ ತೆಗೆದು, ಇವರನ್ನು ನೋಡದೆ ತನ್ನ ದೋಣಿಯನ್ನು ಒಬ್ಬನೇ ನೀರಿಗೆ ತಳ್ಳಿದ. ಪಡಸಾಲೆಯಲ್ಲಿ ಒಂದು ಮಾತಿಲ್ಲ. ಹನುಮವ್ವ ಅಳುತ್ತಿದ್ದಳು, ಸಲೀಂ ಅಳುತ್ತಿದ್ದ, ಚಾಚಾ ಮಗನ ಭುಜದ ಮೇಲೆ ಕೈ ಹಾಕಿ ಅಳುತ್ತಿದ್ದರು. ನನ್ನ ವಿಷಯ ಮೊದಲೇ ಹೇಳಿದ್ದೇನೆ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಹನುಮವ್ವ ನನ್ನ ತೋಳು ಹಿಡಿದಳು.

"ಇವತ್ತು ಚಾಚಾ ಭಾಳ ಚಲೋ ಹೇಳಿದ್ರು ನೋಡ್ರಿ ಮಾಸ್ತರ. ಒಂದು ಮಾತೂ ಬಿಡದಂಗ ತಿಳೀತು."